ಮೂವತ್ತೊಂದಕ್ಕೆ ಏಳು ಅಂಕ

ಮೂವತ್ತೊಂದನೆಯ ನಂಬರಿನ ಕಾಲಿಗೆ ಹನ್ನೆರಡಕ್ಕೆ ಏಳು ಅಂಕ ಕೊಟ್ಟವಳು ನಾನು. ಏಳು ಅಂದರೆ ಮುರಿದ ಮೂಳೆ ಇನ್ನೂ ಕೂಡಿಲ್ಲ ಎಂದರ್ಥ. ಹತ್ತು ಮುಟ್ಟಿದರೆ ಕೂಡಿದೆ, ಮನೆಗೆ ಹೋಗಿ, ನಡೆಯಿರಿ. ಹತ್ತರ ಕೆಳಗೆ ಉಳಿದರೆ ಆ ಕಾಲನ್ನು ಮತ್ತೆ ಕೊಯ್ಯುತ್ತಾರೆ, ಸೊಂಟದ ಮೂಳೆಯಿಂದ ಚೂರು ಕೆತ್ತಿ ತಂದು ಬಿರುಕಿಗೆ ತುಂಬುತ್ತಾರೆ. ಇದೆಲ್ಲ ಗೊತ್ತಿದ್ದೇ ಕೊಟ್ಟೆ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ನನ್ನ ಭಾವ ಬರುತ್ತಾರೆ. ಅವರು ಬಂದ ಕೂಡಲೇ ನನ್ನ ಬಾಯಿ ಹದ ತಪ್ಪುತ್ತದೆ, ಕೇಳುವವರು ತಪ್ಪೆಲ್ಲ ಅವರದೇ ಎಂದುಕೊಳ್ಳುತ್ತಾರೆ.

ನನ್ನ ಕೆಲಸ ಎಕ್ಸ್‌ರೇ ಓದುವುದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಎರಡು ಪರದೆ, ಒಂದು ಕುರ್ಚಿ. ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳು ದಿನವಿಡೀ ಗುಡುಗುಡು ಎನ್ನುತ್ತವೆ. ದೀಪ ಆರಿಸಿ ಕೂರುವುದರಿಂದ ಮೇಲಿನವರೆಲ್ಲ ನನ್ನನ್ನು ಗೂಬೆ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ನನಗೂ ಅದು ಒಗ್ಗಿಹೋಗಿದೆ. ಮನುಷ್ಯರ ಮುಖ ನೋಡದೆ ಇಪ್ಪತ್ತೆರಡು ವರ್ಷ ಸಂಬಳ ತೆಗೆದುಕೊಂಡವಳು ನಾನು, ಮುಖಗಳ ಬಗ್ಗೆ ನನಗೇನೂ ಕೊರಗಿರಲಿಲ್ಲ.

ಭಾವ ಚರ್ಮದ ಡಾಕ್ಟರು, ಆ ವಿಭಾಗದ ಮುಖ್ಯಸ್ಥರು. ಅಕ್ಕನೂ ಚರ್ಮದ ಡಾಕ್ಟರೇ. ಮೈಯೆಲ್ಲ ಕೆಂಪಾಗಿ ಹೊಟ್ಟು ಹೊಟ್ಟಾಗಿ ಏಳುವ ಸೋರಿಯಾಸಿಸ್ ಇರುವವರ ಕೈಕಾಲು ಮುರಿದರೆ ಮೂಳೆ ಕೂಡುವುದು ಯಾಕೆ ತಡ ಎಂದು ಮೊದಲು ಕೇಳಿದವಳು ಅಕ್ಕ. ಹನ್ನೆರಡು ವರ್ಷ ಒಬ್ಬೊಬ್ಬ ರೋಗಿಯದನ್ನೂ ಬರೆದಿಟ್ಟಳು. ನನಗೆ ಅವಳು ಅದನ್ನು ಬಿಡಿಸಿ ಹೇಳಿದ್ದು ಹೀಗೆ: "ಮುರಿದ ಮೂಳೆಗೂ ಮೊದಮೊದಲು ಸ್ವಲ್ಪ ಉರಿ ಬೇಕು. ಒಲೆ ಹಚ್ಚದೆ ಅಡುಗೆ ಆಗುತ್ತಾ? ಆದ್ರೆ ಇವರ ಮೈಯಲ್ಲಿ ಒಲೆ ಆರೋದೇ ಇಲ್ಲ, ಅದಕ್ಕೇ ಸೀದುಹೋಗುತ್ತೆ. ಈಗ ಚರ್ಮದ ಉರಿ ಆರಿಸೋ ಔಷಧಿ ಕೊಟ್ರೆ ಮೂಳೆಗೆ ಒಳ್ಳೇದಾಗುತ್ತೋ, ಇಲ್ಲ ಬೇಕಾದ ಉರೀನೂ ಆರಿಹೋಗುತ್ತೋ? ಯಾರಿಗೂ ಗೊತ್ತಿಲ್ಲ."

ಆಮೇಲೆ ಅಕ್ಕನ ಅತ್ತೆ ಹಾಸಿಗೆ ಹಿಡಿದರು. ಮೂರು ವರ್ಷ ಅವರನ್ನು ನೋಡಿಕೊಳ್ಳಲು ಅಕ್ಕ ಕೆಲಸ ಬಿಟ್ಟಳು. ಅತ್ತೆ ತೀರಿಕೊಂಡು ಅವಳು ವಾಪಸು ಬರುವ ಹೊತ್ತಿಗೆ ಅವಳ ಜಾಗದಲ್ಲಿ ಇನ್ನೊಬ್ಬರಿದ್ದರು, ಅವಳ ಪುಸ್ತಕಗಳು ಭಾವನ ಮೇಜಿನ ಮೇಲಿದ್ದವು. ಭಾವನ ಲೇಖನ ಅಚ್ಚಾಯಿತು. ಅಕ್ಕನ ಹೆಸರು ಕೊನೆಯ ಪುಟದಲ್ಲಿ, ಕೃತಜ್ಞತೆಯ ಪಟ್ಟಿಯಲ್ಲಿ, ಜೆರಾಕ್ಸ್ ಮಾಡಿಕೊಟ್ಟವನ ಹೆಸರಿನ ಕೆಳಗೆ. ನಾನು ಉರಿದುಬಿದ್ದೆ. ಅಕ್ಕ ಮಾತ್ರ, "ನಂಗೆ ಬೇಕಾಗಿರೋದು ಉತ್ತರ, ಹೆಸರಲ್ಲ," ಎಂದು ನಕ್ಕಳು. ಅವಳು ನಕ್ಕದ್ದಕ್ಕೆ ಅವಳ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡೆ. ಅದನ್ನು ಹೊರಲು ನನಗೆ ಯಾರೂ ಹೇಳಿರಲಿಲ್ಲ.

ಆ ಲೇಖನದ ಬಲದಿಂದ ಭಾವನಿಗೆ ದೊಡ್ಡ ಅಧ್ಯಯನವೊಂದು ಸಿಕ್ಕಿತು. ಸೋರಿಯಾಸಿಸ್ ಇದ್ದು, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದು, ಒಳಗೆ ರಾಡ್ ಹಾಕಿಸಿಕೊಂಡ ನಲವತ್ತನಾಲ್ಕು ಜನ. ಅರ್ಧ ಜನಕ್ಕೆ ಹೊಸ ಇಂಜೆಕ್ಷನ್, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಉಪ್ಪುನೀರು. ಯಾರಿಗೆ ಯಾವುದು ಎಂಬ ಪಟ್ಟಿ ಲಕೋಟೆಯೊಳಗೆ ಭದ್ರ. ರೋಗಿಗೂ ಗೊತ್ತಿಲ್ಲ, ಚುಚ್ಚುವ ನರ್ಸಿಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ. ಮೂಳೆ ಓದುವವರಿಗಂತೂ ಏನೂ ಗೊತ್ತಿರಬಾರದು. ಪರದೆಯ ಮೇಲೆ ಒಂದು ನಂಬರು, ಒಂದು ಕಾಲು, ಅಷ್ಟೆ. ಗಂಡೋ ಹೆಣ್ಣೋ, ಮುದುಕರೋ ಹರೆಯದವರೋ, ತಿಳಿಯಬಾರದು. ನಮ್ಮ ಕಸುಬಿನಲ್ಲಿ ಕುರುಡೇ ಮಡಿ.

ಅದನ್ನು ಓದಲು ಭಾವ ನನ್ನನ್ನೇ ಕೇಳಿದರು. ನೆಲಮಾಳಿಗೆಗೆ ಇಳಿದು ಬಂದು, ಕುರ್ಚಿ ಇಲ್ಲದೆ ಬಾಗಿಲಿಗೆ ಒರಗಿ ನಿಂತರು.

"ಊರಲ್ಲಿ ಬೇರೆ ಯಾರಿಗೂ ಕಣ್ಣಿಲ್ವಾ ಭಾವ?" ಎಂದೆ.

"ಇದೆ. ಆದ್ರೆ ನೀನು ನನ್ನ ಪರವಾಗಿ ಒಂದಂಕಾನೂ ಜಾಸ್ತಿ ಕೊಡಲ್ಲ ಅನ್ನೋದು ಇಡೀ ಆಸ್ಪತ್ರೆಗೇ ಗೊತ್ತು. ಅದೇ ನಂಗೆ ಬೇಕಾಗಿರೋದು."

"ಕಮ್ಮಿ ಕೊಟ್ರೆ?"

"ಯಾರಿಗೆ ಕಮ್ಮಿ ಕೊಡ್ತೀಯ? ಯಾರು ಯಾವ ಕಡೆ ಅಂತ ನಿಂಗೆ ಗೊತ್ತಿದ್ರೆ ತಾನೇ?" ಎಂದು ನಕ್ಕರು. "ನಿನ್ನ ಸಿಟ್ಟೇ ನಂಗೆ ಸರ್ಟಿಫಿಕೇಟು."

ಅಷ್ಟು ವರ್ಷದ ನನ್ನ ದ್ವೇಷವನ್ನೂ ಅವರು ತಮ್ಮ ಉಪಯೋಗಕ್ಕೆ ಬಳಸಿಕೊಂಡರು. ಒಪ್ಪಿಕೊಂಡೆ. ಒಪ್ಪದಿದ್ದರೆ ಹೆದರಿದೆ ಎಂದುಕೊಳ್ಳುತ್ತಾರೆ ಎಂಬ ಹಠಕ್ಕೆ ಒಪ್ಪಿಕೊಂಡೆ.

ಕೆಲಸ ಸುಲಭ. ಮೂಳೆಯ ಮುಂದೆ, ಹಿಂದೆ, ಒಳಗೆ, ಹೊರಗೆ ಎಂದು ನಾಲ್ಕು ಅಂಚು. ಪ್ರತಿ ಅಂಚಿಗೂ ಒಂದರಿಂದ ಮೂರು ಅಂಕ. ಮುರಿದ ಗೆರೆ ಹಾಗೇ ಇದ್ದು ಹೊಸ ಮೂಳೆ ಬಂದೇ ಇಲ್ಲದಿದ್ದರೆ ಒಂದು. ಹೊಸ ಮೂಳೆ ಬಂದಿದೆ, ಆದರೆ ಗೆರೆ ಇನ್ನೂ ಕಾಣುತ್ತದೆ, ಎರಡು. ಗೆರೆ ಮುಚ್ಚಿಹೋಗಿದ್ದರೆ ಮೂರು. ಎರಡಕ್ಕೂ ಮೂರಕ್ಕೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಅಲ್ಲಿಯೇ ನನ್ನ ಹೆಸರು ನಿಂತಿತ್ತು. ಗೂಬೆ ಕೊಟ್ಟ ಅಂಕಕ್ಕೆ ಮೇಲ್ಮನವಿ ಇಲ್ಲ ಎಂದು ಮೂಳೆ ಡಾಕ್ಟರುಗಳೇ ಹೇಳುತ್ತಿದ್ದರು.

ರಾಡ್ ಹಾಕಿಸಿಕೊಂಡು ಇಪ್ಪತ್ತನಾಲ್ಕು ವಾರವಾದವರ ಫಿಲ್ಮುಗಳು ಬರತೊಡಗಿದಾಗ ಒಂಬತ್ತನೆಯದರಲ್ಲಿ ನನ್ನ ಕಣ್ಣು ನಿಂತಿತು. ಕಾಲಿನ ಅಂಚಿನಲ್ಲಿ, ಮೂಳೆಯಿಂದ ದೂರ, ಚರ್ಮದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಕಲೆ. ಹಿಂದಿನ ಎಂಟನ್ನೂ ತೆಗೆದು ನೋಡಿದೆ. ನಾಲ್ಕರಲ್ಲಿ ಕಲೆಯಿತ್ತು, ನಾಲ್ಕರಲ್ಲಿ ಇರಲಿಲ್ಲ. ಜಿಂಕ್ ಮುಲಾಮು! ಕೆರೆತ ತಡೆಯಲಾರದವರು ಅದನ್ನು ಹಚ್ಚಿಕೊಳ್ಳಬಹುದು ಎಂದು ನಿಯಮದಲ್ಲೇ ಇತ್ತು. ಎಕ್ಸ್‌ರೇ ದಿನ ಒರೆಸಿಕೊಂಡು ಬರಬೇಕೆಂದೂ ಇತ್ತು. ಹೊಟ್ಟೆದ್ದ ಚರ್ಮದ ಸಂದಿಗೆ ಸೇರಿದ ಮುಲಾಮು ಒರೆಸಿದರೆ ಹೋಗುತ್ತದೆಯೇ? ಜಿಂಕ್ ಲೋಹ, ಎಕ್ಸ್‌ರೇಯಲ್ಲಿ ಬೆಳ್ಳಗೆ ಬೀಳುತ್ತದೆ. ಇಂಜೆಕ್ಷನ್ನಿನಿಂದ ಚರ್ಮ ತಿಳಿಯಾದವರಿಗೆ ಮುಲಾಮು ಬೇಕಿಲ್ಲ, ಉಪ್ಪುನೀರು ಚುಚ್ಚಿಸಿಕೊಂಡವರಿಗೆ ಬೇಕು. ಕಲೆಯಿದ್ದರೆ ನೀರು, ಕಲೆಯಿಲ್ಲದಿದ್ದರೆ ಔಷಧಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಚರ್ಮದ ಡಾಕ್ಟರುಗಳಿಗೆ ಮುಲಾಮು ಫಿಲ್ಮಿನಲ್ಲಿ ಕಾಣುತ್ತದೆಂದು ಹೊಳೆದಿರಲಿಲ್ಲ. ಮೂಳೆಯವರಿಗೆ ಯಾರು ಯಾಕೆ ಮುಲಾಮು ಹಚ್ಚುತ್ತಾರೆಂದು ಹೊಳೆದಿರಲಿಲ್ಲ. ಎರಡೂ ಗೊತ್ತಿದ್ದವಳು ಆ ಕಟ್ಟಡದಲ್ಲಿ ನಾನೊಬ್ಬಳೇ.

ಹೇಳಬೇಕಿತ್ತು. ಒಂದು ಸಾಲು ಬರೆದು ಕಳಿಸಿದ್ದರೆ ಸಾಕಿತ್ತು, ಬೇರೆ ಯಾರನ್ನಾದರೂ ಹಾಕುತ್ತಿದ್ದರು. ಹೇಳಲಿಲ್ಲ. ಭಾವನಿಗೆ ಗೊತ್ತಿಲ್ಲದ ಒಂದು ಸಂಗತಿ ಭಾವನ ಅಧ್ಯಯನದ ಬಗ್ಗೆಯೇ ನನಗೆ ಗೊತ್ತಿದೆ ಎಂಬ ಸಂತೋಷವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಗೊತ್ತಿದ್ದರೇನಂತೆ, ನನ್ನ ಕಣ್ಣು ನೇರವಾಗಿದೆ, ಕಂಡದ್ದನ್ನೇ ಕಂಡಂತೆ ಬರೆಯುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಕಲೆಯಿಲ್ಲದ ಫಿಲ್ಮ್ ಬಂದಾಗಲೆಲ್ಲ ನಾನು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಳ್ಳುತ್ತಿದ್ದೆ. ದೊಡ್ಡದು ಮಾಡಿ, ಮತ್ತೂ ದೊಡ್ಡದು ಮಾಡಿ, ಗೆರೆ ಹುಡುಕುತ್ತಿದ್ದೆ. ಹುಡುಕುವವರಿಗೆ ಗೆರೆ ಸಿಕ್ಕೇ ಸಿಗುತ್ತದೆ. ಮೂವತ್ತೊಂದರಲ್ಲೂ ಸಿಕ್ಕಿತು. ಮೂರು ಅಂಚಿಗೆ ಎರಡೆರಡು, ಒಂದಕ್ಕೆ ಒಂದು. ಏಳು.

ಎರಡು ವಾರ ಬಿಟ್ಟು ಮೂಳೆ ಡಾಕ್ಟರು ಫೋನ್ ಮಾಡಿದರು. ಅವರನ್ನು ಎಲ್ಲರೂ ಸುತ್ತಿಗೆ ಎನ್ನುತ್ತೇವೆ, ಕೆಲಸದಲ್ಲೂ ಮಾತಿನಲ್ಲೂ ಸುತ್ತಿಗೆಯೇ. ಆ ದಿನ ಮಾತ್ರ ದನಿ ಮೆತ್ತಗಿತ್ತು.

"ಗೂಬಮ್ಮ, ಮೂವತ್ತೊಂದಕ್ಕೆ ಏಳು ಅಂತ ಬರೆದಿದ್ದೀರಿ. ಇನ್ನೊಂದ್ಸಲ ನೋಡ್ತೀರಾ?"

"ಯಾಕೆ?"

"ನೋವಿಲ್ಲ ಅಂತಾರೆ. ಕೋಲಿಲ್ದೆ ನಡೀತಾರೆ. ನಂಗೆ ನೋಡಿದ್ರೆ ಕೂಡಿರೋ ಹಾಗಿದೆ, ಆದ್ರೆ ನಿಯಮದ ಪ್ರಕಾರ ಅಂಕ ನಿಮ್ಮದು."

ಭಾವನೇ ಇವರನ್ನು ಛೂ ಬಿಟ್ಟಿದ್ದಾರೆ ಎಂದು ನನ್ನ ತಲೆಗೆ ಹೊಕ್ಕಿತು. "ನೀವು ನಂಗೆ ಫೋನ್ ಮಾಡೋ ಹಾಗೇ ಇಲ್ಲ," ಎಂದೆ. "ರೋಗಿ ನಡೀತಾರೋ ಓಡ್ತಾರೋ ನಂಗೆ ಹೇಳಬಾರದು. ನಿಯಮ ಓದಿದ್ದೀರಾ, ಇಲ್ಲ ಓದಿ ಹೇಳಲಾ? ಏಳು ಅಂದ್ರೆ ಏಳು."

"ಆಯ್ತು ತಾಯಿ," ಎಂದು ಇಟ್ಟರು.

ಕುರುಡಿನ ನಿಯಮವನ್ನು ಮುರಿದು ಕೂತವಳು ಇನ್ನೊಬ್ಬರಿಗೆ ನಿಯಮ ಬೋಧಿಸಿದೆ. ಕಳ್ಳನಿಗೊಂದು ಪಿಳ್ಳೆ ನೆವ. ಫೋನ್ ಇಟ್ಟ ಮೇಲೆ ನನಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಯಾರದೋ ಕಾಲು ಕೊಯ್ಯುತ್ತಾರೆ ಎಂಬುದು ಆ ಖುಷಿಯ ಹತ್ತಿರವೂ ಸುಳಿಯಲಿಲ್ಲ.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಮಧ್ಯಾಹ್ನದ ಊಟ. ಭಾವ ಅರ್ಧ ಊಟಕ್ಕೆ ಎದ್ದು ಒಳಕೋಣೆಯಲ್ಲಿ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ಗಂಟಲು ಗೋಡೆ ದಾಟಿ ಬರುತ್ತಿತ್ತು. ಔಷಧಿ ಎಂಥ ಅದ್ಭುತ, ಕೆಲವರ ಚರ್ಮ ಹೇಗೆ ಕನ್ನಡಿಯಾಗಿದೆ, ಇತ್ಯಾದಿ. ನನಗೆ ತಡೆಯಲಾಗಲಿಲ್ಲ.

"ಹೊಗಳ್ಕೊಳ್ಳಲಿ ಬಿಡು," ಎಂದೆ ಅಕ್ಕನಿಗೆ. "ಆ ಔಷಧಿ ತಗೊಂಡವರ ಮೂಳೆ ಕೂಡ್ತಾ ಇಲ್ಲ. ಲಕೋಟೆ ಒಡೆದ ದಿನ ಗೊತ್ತಾಗುತ್ತೆ ಇವರಿಗೆ."

ಅಕ್ಕನ ಕೈ ತಟ್ಟೆಯಲ್ಲಿ ನಿಂತಿತು. "ಲಕೋಟೆ ಒಡೆದಿಲ್ಲ ಅಂದ್ರೆ ನಿಂಗೆ ಹೇಗೆ ಗೊತ್ತಾಯ್ತು?"

"ಏನು?"

"ಔಷಧಿ ತಗೊಂಡವರು ಯಾರು ಅಂತ."

ನಾನು ನೀರು ಕುಡಿದೆ. ಇನ್ನೊಂದು ಗುಟುಕು ಕುಡಿದೆ. ಅಕ್ಕ ಎದ್ದು ಹೋಗಿ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದು ಬಂದಳು. ಬಂದು ಕೂರಲಿಲ್ಲ. ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಮುಲಾಮಿನ ಕಥೆಯನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅವಳು ಮೆಚ್ಚುತ್ತಾಳೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ಆಸೆಯಿತ್ತು. ನಿನಗೋಸ್ಕರ ಎಂಬ ಮಾತೂ ಬಾಯಿಂದ ಬಂತು.

"ನನಗೋಸ್ಕರ?" ಅಕ್ಕನ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಅವರು ನನ್ನ ಹೆಸರು ತಗೊಂಡ್ರು. ತಗೊಳ್ಳಲಿ. ಪ್ರಶ್ನೆ ನಂದು, ಅದಕ್ಕೆ ಉತ್ತರ ಬರ್ತಾ ಇದೆ ಅಂತ ನಾನು ಸುಮ್ನಿದ್ದೆ. ನೀನು ಉತ್ತರಾನೇ ಹಾಳು ಮಾಡಿದ್ಯಲ್ಲೇ. ಹನ್ನೆರಡು ವರ್ಷ! ಇವರಿಗಿಂತ ಕಡೆ ನೀನು."

"ನಾನು ಕಂಡಿದ್ದನ್ನೇ ಬರೆದಿರೋದು," ಎಂದೆ.

"ಹಾಗಾದ್ರೆ ನಾಳೆ ಮತ್ತೆ ಓದು. ನನ್ನೆದುರಿಗೆ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಕ್ಕ ನೆಲಮಾಳಿಗೆಗೆ ಬಂದಳು. ಏಳು ವರ್ಷದ ಮೇಲೆ ಅವಳು ಆಸ್ಪತ್ರೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ಹೊಸ ಶರ್ಟಿನ ಡಬ್ಬಿಯ ರಟ್ಟು, ಕತ್ತರಿ. ರಟ್ಟಿನ ನಡುವೆ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ ಪರದೆಗೆ ಅಂಟಿಸಿದಳು. ಮುರಿದ ಜಾಗ ಮಾತ್ರ ಕಾಣಬೇಕು, ಚರ್ಮ ಕಾಣಬಾರದು, ನಂಬರೂ ಕಾಣಬಾರದು. ಅಲ್ಲಿಯವರೆಗೆ ಬಂದಿದ್ದ ಇಪ್ಪತ್ತೆರಡು ಜನರ ಫಿಲ್ಮುಗಳನ್ನು ತನಗೆ ತೋಚಿದ ಕ್ರಮದಲ್ಲಿ ಒಂದೊಂದಾಗಿ ತೆರೆದಳು. ನಾನು ಅಂಕ ಹೇಳಬೇಕು, ಅವಳು ಬರೆದುಕೊಳ್ಳಬೇಕು. ಒಗೆಯುವ ಯಂತ್ರ ಗುಡುಗುತ್ತಿತ್ತು. ಎರಡು ಗಂಟೆ ನಮ್ಮಿಬ್ಬರ ನಡುವೆ ಒಂದರಿಂದ ಮೂರರವರೆಗಿನ ಅಂಕಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಬೇರೆಯವರೆದುರು ಕೂತು ಮೂಳೆ ಓದಿದ್ದು ನಾನು ವಿದ್ಯಾರ್ಥಿನಿಯಾಗಿದ್ದಾಗ.

ಮುಗಿದ ಮೇಲೆ ಅಕ್ಕ ಹಳೆಯ ಅಂಕಗಳ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು ಬೆರಳು ಇಳಿಸುತ್ತ ಹೋದಳು.

"ಕಲೆ ಇರೋ ಹನ್ನೊಂದು ಫಿಲ್ಮು. ಹಳೇದಕ್ಕೂ ಇವತ್ತಿಂದಕ್ಕೂ ಅಲ್ಲೊಂದು ಇಲ್ಲೊಂದು ಅಂಕ ವ್ಯತ್ಯಾಸ. ಸರಿ ಓದಿದ್ದೀಯ," ಎಂದಳು. ಉಸಿರು ಎಳೆದುಕೊಂಡಳು. "ಕಲೆ ಇಲ್ಲದ್ದು ಹನ್ನೊಂದು. ಆರು ಸರಿ ಇದೆ. ಐದಕ್ಕೆ ಎರಡು, ಮೂರು ಅಂಕ ಕಮ್ಮಿ ಕೊಟ್ಟಿದ್ದೆ. ಅದರಲ್ಲಿ ಒಂದಕ್ಕಂತೂ ನಾಲ್ಕು."

"ಯಾವುದು?"

"ಮೂವತ್ತೊಂದು. ಏಳು ಕೊಟ್ಟಿದ್ದೆ. ಈಗ ಹನ್ನೊಂದು ಹೇಳಿದೆ."

ಅವಳು ರಟ್ಟು ಕಿತ್ತು ಮೂವತ್ತೊಂದನ್ನು ತೆರೆದಳು. ಬರಿಗಣ್ಣಿಗೆ ಕಾಣುತ್ತಿತ್ತು. ಗಟ್ಟಿ ಮೂಳೆ, ನಾಲ್ಕು ಅಂಚಿನಲ್ಲಿ ಮೂರು ಮುಚ್ಚಿಹೋಗಿದ್ದವು. ಇದನ್ನು ನೋಡಿ ನಾನು ಏಳು ಹೇಗೆ ಕೊಟ್ಟೆ? ಕೊಟ್ಟದ್ದು ನೆನಪಿದೆ, ಕೊಡುವಾಗ ಕಂಡ ಗೆರೆಯೂ ನೆನಪಿದೆ. ಆ ಗೆರೆ ಮಾತ್ರ ಅಲ್ಲಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಕಣ್ಣಿನ ಬಗ್ಗೆ ನನಗೆ ಅಸಹ್ಯವಾಯಿತು.

"ಈ ಮೂವತ್ತೊಂದು ಈಗ ಎಲ್ಲಿದ್ದಾರೆ?" ಎಂದಳು ಅಕ್ಕ.

ಸುತ್ತಿಗೆಯ ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತೆ ಹಾಳೆ ತಿರುವುವ ಸದ್ದು ಕೇಳಿಸಿತು. "ಟೇಬಲ್ ಮೇಲಿದ್ದಾರೆ ಮೇಡಂ. ಎಂಟೂವರೆಗೇ ಒಳಗೆ ತಗೊಂಡ್ರು."

ಹತ್ತೂಕಾಲು ಆಗಿತ್ತು. ಲಿಫ್ಟು ಮೇಲೆಲ್ಲೋ ನಿಂತಿತ್ತು. ನಾಲ್ಕು ಮಹಡಿ ಮೆಟ್ಟಿಲು ಹತ್ತಿದೆ. ಐವತ್ತಮೂರು ವರ್ಷದ ಕೂತು ತಿನ್ನುವ ದೇಹ, ಮೂರನೇ ಮಹಡಿಗೆ ಕಣ್ಣಿಗೆ ಕತ್ತಲೆ ಬಂತು. ಥಿಯೇಟರಿನ ಬಾಗಿಲಲ್ಲಿ ನರ್ಸ್ ತಡೆದಳು. ಒಳಗೆ ಹೇಳಿ, ನಿಲ್ಲಿಸಲು ಹೇಳಿ ಎಂದೆ. ಅವಳು ನನ್ನ ಚಪ್ಪಲಿ ನೋಡಿ, ಇಲ್ಲೇ ನಿಲ್ಲಿ ಎಂದು ಹೋದಳು.

ಸುತ್ತಿಗೆ ತಾವೇ ಹೊರಗೆ ಬಂದರು. ಮುಖದ ಬಟ್ಟೆ ಕೆಳಗೆಳೆದು ಗೋಡೆಗೆ ಒರಗಿದರು.

"ಸೊಂಟದಿಂದ ಚೂರು ತೆಗೆದಾಗಿತ್ತು," ಎಂದರು. "ಆಮೇಲೆ ಕಾಲು ತೆರೆದೆ. ಉಳಿ ಇಟ್ಟು ನೋಡಿದೆ. ಕಲ್ಲು, ಗೂಬಮ್ಮ. ಅಲುಗಾಡಲಿಲ್ಲ. ಸುಮ್ನೆ ಹೊಲಿದೆ."

ಅವರು ಕೈಗವಸು ಕಳಚಿ ನನ್ನ ಕಡೆ ತಿರುಗಿದರು.

"ನಾನು ಫೋನ್ ಮಾಡಿದ್ದೆ. ನೆನಪಿದೆಯಾ? ಎಚ್ಚರ ಆದ್ಮೇಲೆ ಏನು ಹೇಳಲಿ ಅವರಿಗೆ?"

ಅಷ್ಟರಲ್ಲಿ ಭಾವ ಬಂದರು, ಹಿಂದೆಯೇ ಅಕ್ಕ. ಅವಳು ದಾರಿಯಲ್ಲೇ ಅವರಿಗೆ ಎಲ್ಲ ಹೇಳಿದ್ದಳು. ಭಾವನ ಮುಖ ಬಿಳಿಚಿಕೊಂಡಿತ್ತು. ಸುತ್ತಿಗೆ ಒಳಗೆ ಹೋಗುವವರೆಗೂ ಕಾದು, ನನ್ನ ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದರು. ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲಿರಬೇಕು.

"ಇಷ್ಟು ವಿಷ ಇದೆ ಅಂತ ಗೊತ್ತಿರಲಿಲ್ಲ ನಿನ್ನಲ್ಲಿ," ಎಂದರು.

"ಗೊತ್ತಿತ್ತು. ಅದಕ್ಕೇ ನನ್ನ ಹಾಕ್ಕೊಂಡ್ರಿ."

"ಬಾಯಿ ಮುಚ್ಚು. ಈಗ ಕೇಳು. ಐದೂ ನಂಬರಿನ ಅಂಕ ತಿದ್ದಿಕೊಡು. ಪರದೆ ಕೆಟ್ಟಿತ್ತು, ಸರಿಯಾಗಿ ಕಾಣಲಿಲ್ಲ, ಮತ್ತೆ ಓದಿದೆ ಅಂತ ಬರೆದು ಸಹಿ ಹಾಕು. ಬುಧವಾರಕ್ಕೆ ಇನ್ನೊಬ್ಬರನ್ನ ಟೇಬಲ್‌ಗೆ ಹಾಕಿದ್ದಾರೆ, ಅದನ್ನ ನಿಲ್ಲಿಸ್ತೀನಿ. ಉಳಿದ ಮೂವರಿಗೆ ಕೋಲು ಬಿಟ್ಟು ನಡೀರಿ ಅಂತ ಹೇಳ್ತೀನಿ. ಮುಲಾಮು ವಿಷಯ ಇಲ್ಲಿಗೆ ಸಾಯಲಿ. ಯಾರಿಗೂ ಕೆಡುಕಾಗಲ್ಲ."

ಅದರಲ್ಲಿ ಅವರಿಗೆಷ್ಟು ಲಾಭ ಎಂದು ನನಗೆ ಗೊತ್ತಿತ್ತು. ಅಂಕ ತಿದ್ದಿದರೆ ಔಷಧಿ ಗೆಲ್ಲುತ್ತದೆ, ಅಧ್ಯಯನ ಉಳಿಯುತ್ತದೆ, ಅವರ ಹೆಸರು ಉಳಿಯುತ್ತದೆ. ನನಗೆಷ್ಟು ಲಾಭ ಎಂಬುದೂ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಕಣ್ಣು ಅದೇ ಗೌರವದಲ್ಲಿ ಉಳಿಯುತ್ತದೆ. ಆ ಮನುಷ್ಯನನ್ನು ಕಂಡರಾಗದು, ಅವರ ಮಾತು ಮಾತ್ರ ಎಷ್ಟು ಹಿತವಾಗಿ ಕೇಳಿಸಿತು! ಸರಿ ಎನ್ನಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಭಾವ ನನ್ನ ತೋಳು ಬಿಟ್ಟರು.

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. "ಇದಕ್ಕಾದ್ರೂ ಇಬ್ಬರ ಹೆಸರೂ ಒಟ್ಟಿಗೆ ಹಾಕ್ಕೊಳ್ಳಿ," ಎಂದು ಮೆಟ್ಟಿಲಿಳಿದು ಹೋದಳು. ಕತ್ತರಿ ಇನ್ನೂ ಅವಳ ಕೈಯಲ್ಲಿತ್ತು.

ಮಂಗಳವಾರ ಬೆಳಿಗ್ಗೆ ನಾನು ವಾರ್ಡಿಗೆ ಹೋದೆ. ಏನೋ ಎಡವಟ್ಟಾಯಿತು, ಕ್ಷಮಿಸಿ ಎಂದು ಹೇಳಿ ಬರುವ ಯೋಚನೆ. ಅಷ್ಟು ಹೇಳಿದರೆ ಎದೆಯ ಭಾರ ಇಳಿಯುತ್ತದೆ, ಭಾವನ ಒಪ್ಪಂದವೂ ಕೆಡುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಹಾಸಿಗೆಯ ತಲೆಕಡೆ ಚೀಟಿಯಲ್ಲಿ ಹೆಸರಿತ್ತು. ಓದಿದೆ. ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಮೂವತ್ತರ ಆಸುಪಾಸಿನ ಹೆಂಗಸು, ಅಗಲ ಭುಜ, ಮೋಟು ಕೂದಲು. ಮಕ್ಕಳಿಗೆ ಈಜು ಕಲಿಸುವ ಟೀಚರ್ ಎಂದು ನರ್ಸ್ ಹೇಳಿದ್ದಳು. ಚರ್ಮದ ಕಾಯಿಲೆ ನೋಡಿ ಮಕ್ಕಳ ತಾಯಂದಿರು ಅಸಹ್ಯಪಟ್ಟಿದ್ದಕ್ಕೆ ನಾಲ್ಕು ವರ್ಷ ಕೊಳಕ್ಕೆ ಇಳಿದಿರಲಿಲ್ಲವಂತೆ. ಇಂಜೆಕ್ಷನ್ ಶುರುವಾದ ಮೇಲೆ ಮೈ ತಿಳಿಯಾಗಿತ್ತಂತೆ. ಆಪರೇಷನ್ನಿಗೆ ಮುಂಚೆ ನಿಯಮದಂತೆ ಇಂಜೆಕ್ಷನ್ ನಿಲ್ಲಿಸಿದ್ದರು. ಮೊಣಕೈ ಮೇಲೆ, ಕುತ್ತಿಗೆಯ ಬುಡದಲ್ಲಿ ಕೆಂಪು ಮತ್ತೆ ಎದ್ದಿತ್ತು.

"ನೀವು ಯಾರು?" ಎಂದರು.

"ನಿಮ್ಮ ಎಕ್ಸ್‌ರೇ ಓದಿದವಳು."

"ಓ. ಡಾಕ್ಟರು ಹೇಳಿದ್ರು, ಮೂಳೆ ಕೂಡೇ ಇತ್ತಂತೆ. ಹಾಗಾದ್ರೆ ಯಾಕೆ ಕೊಯ್ದ್ರಿ?"

"ಒಂದು ತಪ್ಪಾಯ್ತು," ಎಂದೆ.

"ಎಂಥ ತಪ್ಪು?"

ಪರದೆ ಕೆಟ್ಟಿತ್ತು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅವರು ಹೊದಿಕೆಯ ಕೆಳಗಿನಿಂದ ಸೊಂಟದ ಪಟ್ಟಿಯನ್ನು ಒತ್ತಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಹಾಗೆ ಯಾರೂ ನನ್ನನ್ನು ನೋಡಿ ಬಹಳ ಕಾಲವಾಗಿತ್ತು. ನನಗೆ ನಾಚಿಕೆಯಾಯಿತು, ಸುಳ್ಳು ಹೊರಡಲಿಲ್ಲ. ಮುಲಾಮು, ಕಲೆ, ಭಾವ, ಅಕ್ಕ, ಏಳು ಅಂಕ, ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಪಕ್ಕದ ಹಾಸಿಗೆಯವರು ತಿಂಡಿ ನಿಲ್ಲಿಸಿ ಕೇಳುತ್ತಿದ್ದರು.

ಟೀಚರ್ ಕೊನೆಯವರೆಗೂ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು, "ನನ್ನ ಯಾವತ್ತಾದ್ರೂ ನೋಡಿದ್ರಾ ನೀವು?"

"ಇಲ್ಲ. ನೋಡಬಾರದು ಅಂತ ನಿಯಮ."

"ನೋಡ್ದೇನೇ ಇಷ್ಟು ಮಾಡಿದ್ರಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಆ ಕೊತ್ತಿ ನಾನು." ಅವರು ನಗಲು ಹೋದರು, ಸೊಂಟ ನೋಯಿತೇನೋ, ಮುಖ ಕಿವುಚಿದರು. "ಮೂರು ತಿಂಗಳು ನೀರಿಗಿಳಿಯೋ ಹಾಗಿಲ್ಲ ಅಂದಿದ್ದಾರೆ. ಮೂರು ತಿಂಗಳಿಗೆ ಬೇರೆ ಟೀಚರ್ ತಗೋತಾರೆ. ಕ್ಷಮಿಸಲ್ಲ ನಾನು. ಅದಕ್ಕೆ ಬಂದಿದ್ರೆ ವ್ಯರ್ಥ."

"ಗೊತ್ತು," ಎಂದೆ.

"ಇನ್ನೆಷ್ಟು ಕೊತ್ತಿ ಇದ್ದೀವಿ?"

"ಇನ್ನು ನಾಲ್ಕು ಜನ."

"ಅವರಿಗೆ ಹೇಳಿದ್ರಾ?"

"ಒಬ್ಬರ ಆಪರೇಷನ್ ನಾಳೆ ಇತ್ತು, ನಿಲ್ಲಿಸ್ತಾರೆ. ಅಂಕ ತಿದ್ದಿದ್ರೆ ಆಯ್ತು, ಯಾರಿಗೂ ತೊಂದರೆ..."

"ನಾನು ಕೇಳಿದ್ದು ಅದಲ್ಲ. ನನಗೆ ಹೇಳಿದ ಹಾಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರ? ಏಳಿ. ಮೇಲೇಳಿ ಮೊದಲು."

ನಾನು ಎದ್ದೆ. ಆ ನಾಲ್ವರ ಹೆಸರಿರುವ ಪಟ್ಟಿ ಭಾವನ ಕೋಣೆಯಲ್ಲಿತ್ತು. ಅದನ್ನು ಕೇಳಲು ಎರಡನೇ ಮಹಡಿಗೆ ಇಳಿದು ಹೋದೆ.